ಆಯ್ತದೆ ಅನ್ನು

ಅಮ್ಮನಿಗೆ ಹೇಳಿಬಿಡಬೇಕೆಂದು ನಿಶ್ಚಯಿಸಿದ ಆ ಭಾನುವಾರ ಏನೇನು ಕೆಡಬಹುದು ಎಂಬುದನ್ನು ನಾನು ಹಾಸಿಗೆಯಲ್ಲೇ ಯೋಚಿಸಿ ಮುಗಿಸಿದ್ದೆ. ಅವಳ ಬಿಪಿ ಏರಬಹುದಿತ್ತು. ಏರಿ, ಕೂತಲ್ಲೇ ಒರಗಬಹುದಿತ್ತು. ಒರಗಿದರೆ ಆಟೋ ಸಿಗದೆ ಹೋಗಬಹುದಿತ್ತು. ಭಾನುವಾರ ಬೆಳಿಗ್ಗೆ ಮಂಡ್ಯದ ಆಟೋದವರು ಮನುಷ್ಯರನ್ನು ಕಂಡರೆ ಮುಖ ತಿರುಗಿಸುತ್ತಾರೆ. ಒರಗದಿದ್ದರೆ ಅಳಬಹುದಿತ್ತು, ಅಜ್ಜಿ ಸತ್ತಾಗ ಅಳದೆ ಇಟ್ಟುಕೊಂಡಿದ್ದನ್ನೂ ಸೇರಿಸಿ. ಅಳದಿದ್ದರೆ ಊಟ ಬಿಡಬಹುದಿತ್ತು. ಬ್ಯಾಗಿಗೆ ಎರಡು ಸೀರೆ ತುರುಕಿಕೊಂಡು ಮಳವಳ್ಳಿಯಲ್ಲಿರುವ ನನ್ನ ತಮ್ಮನ ಮನೆಗೆ ಹೊರಟುಬಿಡಬಹುದಿತ್ತು. ಆಗ ತಮ್ಮ ಫೋನು ಮಾಡಿ, 'ಏನಕ್ಕ, ಈ ವಯಸ್ಸಲ್ಲಿ ಅಮ್ಮನ್ನ ಓಡಿಸಿದ್ಯಲ್ಲ' ಎನ್ನಬಹುದಿತ್ತು. ನನ್ನ ಗಂಡ ಪೇಪರಿನ ಮೇಲಿಂದ ಕಣ್ಣಷ್ಟೇ ತೋರಿಸಿ 'ಬೇಕಿತ್ತಾ?' ಎನ್ನಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದು, ಅಮ್ಮ ಏನೂ ಅನ್ನದೆ ಸುಮ್ಮನಿದ್ದುಬಿಡಬಹುದಿತ್ತು. ಹೀಗೆ ಹಲ್ಲುಜ್ಜುವ ಮೊದಲೇ ನಾನು ದಣಿದಿದ್ದೆ. ಇದು ನನಗೆ ಹೊಸದಲ್ಲ. ಐವತ್ಮೂರು ವರ್ಷದ ಹೆಂಗಸು ಏಳುವ ಮುಂಚೆಯೇ ಆ ದಿನವನ್ನು ಒಂದು ಸಲ ಬದುಕಿ ಕೆಡಿಸಿ, ಆಮೇಲೆ ಎದ್ದು ಇನ್ನೊಂದು ಸಲ ಬದುಕಬೇಕಾದರೆ ಸುಸ್ತಾಗದೆ ಇನ್ನೇನಾಗುತ್ತದೆ?

ಹೇಳಬೇಕಾಗಿದ್ದದ್ದು ನಲವತ್ತಾರು ವರ್ಷ ಹಳೆಯ ಮಾತು, ಮಾತು ಕೂಡ ಅಲ್ಲ, ಒಂದು ಅಕ್ಷರ. ಅದನ್ನು ನೆನಪಿಸಿದ್ದು ನನ್ನ ಕೆಲಸವೇ. ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿ ಹೊಟ್ಟೆ ಹೊರೆಯುವವಳು ನಾನು. ಮದುವೆ, ಗೃಹಪ್ರವೇಶ, ತಿಥಿ, ಯಾವುದೇ ಕಾಗದ ಬಂದರೂ 'ಹ' ಬಿಟ್ಟುಹೋದ ಕಡೆ 'ಹ' ಸೇರಿಸುವುದು, ಬೇಡವಾದ ಕಡೆ ಕೀಳುವುದು ನನ್ನ ಅರ್ಧ ಉದ್ಯೋಗ. ಹೋದ ತಿಂಗಳು ಮಳವಳ್ಳಿ ಕಡೆಯ ಹಳ್ಳಿಯೊಂದರಿಂದ, ದೇವರ ಹೆಸರಲ್ಲಿ ಕೆಂಡ ತುಳಿಯುವ ಕೊಂಡದ ಹಬ್ಬದ ಕರಪತ್ರ ಬಂತು. 'ಬೆಳಿಗ್ಗೆ ಭಕ್ತಾದಿಗಳು ಕೊಂಡ ಆಯುವುದು' ಎಂದು ಬರೆದಿದ್ದರು. ನಾನು ಕೆಂಪು ಪೆನ್ನಿನಲ್ಲಿ 'ಹಾಯುವುದು' ಎಂದು ತಿದ್ದಿದೆ. ಕರಪತ್ರ ತಂದಿದ್ದ ಯಜಮಾನರು ಬಗ್ಗಿ ನೋಡಿದರು.

"ಆಯೋದಾದ್ರೇನು ಹಾಯೋದಾದ್ರೇನು ಕಣಮ್ಮ, ಕಾಲ್ ಸುಡೋದು ಒಂದೇ ತಾನೆ?"

ಅವರು ನಕ್ಕರು. ನನಗೆ ನಗು ಬರಲಿಲ್ಲ. ಒಂದು ಹಕಾರದಿಂದ ಏನು ಸುಡುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಈ ಜಿಲ್ಲೆಯಲ್ಲಿ ಇರಲಾರರು.

ನಮ್ಮ ಊರು ಬೆಸಗರಹಳ್ಳಿಯಿಂದ ಒಂದೂವರೆ ಮೈಲಿ. ಬೀದಿಯ ಒಂದು ಬದಿಗೆ ಹದಿನಾಲ್ಕು ಮನೆಗಳು ಗೋಡೆಗೆ ಗೋಡೆ ಅಂಟಿಸಿಕೊಂಡು, ನಡುವೆ ಬೆಕ್ಕು ನುಸುಳಲೂ ಸಂದಿಲ್ಲದಂತೆ ಕೂತಿದ್ದವು. ಸಾಲಿನ ಬೆನ್ನಿಗೆ ನಾಲೆ, ನಾಲೆಯ ಆಚೆ ಮದ್ದೂರಿನ ಬಸ್ಸು ಬರುವ ರಸ್ತೆ. ಬಸ್ಸು ಹಿಡಿಯಬೇಕಾದವರು ಬೀದಿಯ ತುದಿತನಕ ನಡೆದು, ಸೇತುವೆ ದಾಟಿ, ಅಷ್ಟೇ ದೂರ ವಾಪಸ್ಸು ಬರಬೇಕು. ಇಲ್ಲವೇ ನಮ್ಮ ಮನೆಯೊಳಗೆ ಹೋಗಬೇಕು. ಸಾಲಿನ ನಟ್ಟನಡುವೆ ನಮ್ಮ ಮನೆ. ತಲೆಬಾಗಿಲು, ನಡುಮನೆ, ಹಿತ್ತಿಲ ಬಾಗಿಲು ಒಂದೇ ಗೆರೆಯಲ್ಲಿ ಇದ್ದವು. ಹಿತ್ತಿಲಿನಾಚೆ ನಾಲೆಗೆ ಅಡ್ಡವಾಗಿ ಯಾರೋ ಹಿಂದಿನವರು ಹಾಕಿದ ಚಪ್ಪಡಿಕಲ್ಲು. ಆದ್ದರಿಂದ ಊರಿನ ಅರ್ಧ ಜನ ನಮ್ಮ ನಡುಮನೆಯಲ್ಲಿ ಹಾಯುತ್ತಿದ್ದರು. ಕಬ್ಬಿನ ಸೋಗೆ ಹೊತ್ತವರು, ಸ್ಕೂಲಿನ ಮಕ್ಕಳು, ಮದ್ದೂರಿನ ಸಂತೆಗೆ ಹೋಗುವ ಕೋಳಿಗಳು, ಒಮ್ಮೆ ದಿಬ್ಬಣದ ಸಮೇತ ಒಬ್ಬ ಮದುಮಗ. ಅದಕ್ಕೊಂದು ಕಟ್ಟುಪಾಡಿತ್ತು. ಚಪ್ಪಲಿ ಕೈಯಲ್ಲಿರಬೇಕು. ದೀಪ ಹಚ್ಚುವ ಹೊತ್ತಾದರೆ ಬತ್ತಿ ಹತ್ತಿಕೊಳ್ಳುವ ತನಕ ಹೊಸ್ತಿಲಾಚೆ ನಿಲ್ಲಬೇಕು. ಹೆಣ ಹಾಯುವಂತಿಲ್ಲ. ಮತ್ತು ಒಳಗೆ ಕಾಲಿಡುವಾಗ ಒಂದು ಮಾತು ಕೂಗಬೇಕು:

"ಆಯ್ತೀನಿ ಕಣವ್ವೋ!"

"ಆಯ್ಲಾ!" ಎಂದು ಒಳಗಿನಿಂದ ಅಜ್ಜಿ ಕೂಗುತ್ತಿದ್ದಳು. ದಿನಕ್ಕೆ ನಲವತ್ತು ಸಲ, ಐವತ್ತು ಸಲ.

ನಮ್ಮ ಕಡೆಯ ಬಾಯಿಗೆ ಹಕಾರ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ; ಅಷ್ಟರಿಂದ ಯಾರಿಗೂ ತೊಂದರೆಯಿಲ್ಲ, ಆಲು ಅಂದರೂ ಹಾಲೇ ಸಿಗುತ್ತದೆ. ಆದರೆ 'ಹಾಯು' ಎಂಬ ಮಾತಿನಿಂದ ಹಕಾರ ಉದುರಿದರೆ ಅದು ಹೋಗಿ ಇನ್ನೆರಡು ಮಾತಿನೊಳಗೆ ಸೇರಿಕೊಳ್ಳುತ್ತದೆ. ಅಕ್ಕಿಯಿಂದ ಕಲ್ಲು ಹೆಕ್ಕುವುದೂ ಆಯೋದು, ಮನೆಯೊಳಗೆ ದಾಟಿಹೋಗುವುದೂ ಆಯೋದು. 'ಆಗುತ್ತದೆ' ಅನ್ನುವುದಕ್ಕೂ ನಾವು ಆಯ್ತದೆ ಅನ್ನುತ್ತೇವೆ. ಸಾಲದೆಂದು ಹಾಯುವುದು ಒಂದೇ ಬಗೆಯೂ ಅಲ್ಲ. ಗದ್ದೆಗೆ ನೀರು ಹಾಯುತ್ತದೆ, ಸಂಕ್ರಾಂತಿಗೆ ದನ ಕಿಚ್ಚು ಹಾಯುತ್ತದೆ, ಜಗಳದಲ್ಲಿ ಮನುಷ್ಯರು ಒಬ್ಬರ ಮೇಲೊಬ್ಬರು ಹಾಯುತ್ತಾರೆ, ಕೊಂಬಿರುವ ಹಸು ಯಾರ ಮೇಲೆ ಬೇಕಾದರೂ ಹಾಯುತ್ತದೆ. ದೊಡ್ಡವರಿಗೆ ಇದರಲ್ಲಿ ಗೊಂದಲವೇ ಇರಲಿಲ್ಲ. ನನಗಿತ್ತು. ಐದು ವರ್ಷದವಳಿದ್ದಾಗ ತಮ್ಮಯ್ಯಣ್ಣ ಎಂಬ ನೆರೆಯವನು ತನ್ನ ಕಂದು ಹಸುವನ್ನು ಹೊಡೆದುಕೊಂಡು ಬಾಗಿಲಲ್ಲಿ ನಿಂತು, "ಕೂಸೇ, ಅಸ ಆಯ್ತದೆ ಕಣವ್ವ!" ಎಂದ. ಹಾದುಹೋಗಲಿ ಪಾಪ ಎಂದು ನಾನು ಮರ್ಯಾದೆಯಿಂದ ಒಂದು ಹೆಜ್ಜೆ ಸರಿದು ನಿಂತೆ. ಅದು ಹಾಯ್ದದ್ದು ಇನ್ನೊಂದು ಬಗೆಯಲ್ಲಿ. ಎಡಹುಬ್ಬಿನ ಮೇಲೆ ಈಗಲೂ ಗೀರಿದೆ. ಅಜ್ಜಿ ಅರಿಸಿನ ಒತ್ತುತ್ತ ಸಮಾಧಾನ ಹೇಳಿದಳು: "ಅಳ್ಬ್ಯಾಡ, ಎಲ್ಲಾ ಆಯ್ತದೆ ಬುಡು." ಎಲ್ಲವೂ ಸರಿಹೋಗುತ್ತದೆ ಎಂದು ಅವಳು ಅಂದದ್ದು. ಲೋಕದಲ್ಲಿರುವ ಎಲ್ಲವೂ ಹಾಯುತ್ತದೆ ಎಂದು ನಾನು ಕೇಳಿಸಿಕೊಂಡದ್ದು. ನನ್ನ ಸ್ವಭಾವದ ಬಗ್ಗೆ ಆಮೇಲೆ ಯಾರು ಏನು ಹೇಳಿದರೂ, ಅದರ ಬುನಾದಿ ಇಷ್ಟೇ.

ಅಮ್ಮ ಮಳವಳ್ಳಿ ಪೇಟೆಯವಳು, ಮೇಷ್ಟರ ಮಗಳು. ಅವಳ ತೌರಿನಲ್ಲಿ ಇದ್ದದ್ದು ಒಂದೇ ಬಾಗಿಲು, ಅದಕ್ಕೆ ಒಳಗಿನಿಂದ ಚಿಲಕ. ಮದುವೆಯಾಗಿ ಬಂದ ಮರುಬೆಳಿಗ್ಗೆ ಅವಳು ನಡುಮನೆಯಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಾಗ ಗುರುತಿಲ್ಲದ ಗಂಡಸೊಬ್ಬ ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬಂದು 'ಆಯ್ತೀನಿ' ಎಂದನಂತೆ. ಏನಾಗುತ್ತಾನೆ ಇವನು ಎಂದು ಅಮ್ಮ ಬಾಚಣಿಗೆ ಹಿಡಿದೇ ಅಡುಗೆಮನೆಗೆ ಓಡಿದಳಂತೆ. ಅಲ್ಲಿಂದ ಶುರುವಾದದ್ದು ಏಳೆಂಟು ವರ್ಷ ನಡೆಯಿತು. ನಮ್ಮ ಮನೆಯಲ್ಲಿ ಏನು ಬೆಂದರೂ ಊರಿಗೆ ಗೊತ್ತಾಗುತ್ತಿತ್ತು. ಉಪ್ಸಾರು ಮಾಡಿದ ದಿನ ಹಾಯುವವರು ಮೂಗೆಳೆದು, "ಬೆಳ್ಳುಳ್ಳಿ ಒಸಿ ಜಾಸ್ತಿಯಾಯ್ತು ಕಣವ್ವ" ಎಂದು ಹೇಳಿಯೇ ಹಿತ್ತಿಲಿಗಿಳಿಯುತ್ತಿದ್ದರು. ಅಮ್ಮ ಅಪ್ಪನೊಂದಿಗೆ ದನಿ ತಗ್ಗಿಸಿ ಜಗಳ ಆಡಬೇಕಾಗಿತ್ತು; ಅದೂ ಒಂದೇ ಉಸಿರಿಗೆ ಮುಗಿಯುತ್ತಿರಲಿಲ್ಲ, ಯಾರಾದರೂ ಬಂದರೆ ನಿಲ್ಲಿಸಿ, ಅವರು ದಾಟಿದ ಮೇಲೆ ಬಿಟ್ಟಲ್ಲಿಂದ ಎತ್ತಿಕೊಳ್ಳುವುದು. ಬಾಗಿಲಿನ ವಿಷಯ ಬಂದರೆ ಅಪ್ಪ ಅಮ್ಮನಿಗೂ 'ಆಯ್ತು' ಎನ್ನುತ್ತಿದ್ದ, ಅಜ್ಜಿಗೂ 'ಆಯ್ತು' ಎನ್ನುತ್ತಿದ್ದ. ಅವನು ತಲೆಬಾಗಿಲಿಂದ ಹೊರಗೆ ಹೋದ ದಿನ ಅಮ್ಮನಿಗೆ ಗೆಲುವು, ಹಿತ್ತಿಲ ಬಾಗಿಲಿಂದ ಹೋದ ದಿನ ಅಜ್ಜಿಗೆ.

ನಾನು ಒಂದನೇ ಕ್ಲಾಸಿಗೆ ಸೇರಿದ ಮೇಲೆ ಈ ಜಗಳಕ್ಕೆ ನಾನೂ ಕೈ ಜೋಡಿಸಿದೆ. ನಮ್ಮ ಮೇಷ್ಟರಿಗೆ ಹಕಾರದ ಹುಚ್ಚು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಬಾಯ ಮುಂದೆ ಅಂಗೈ ಹಿಡಿಸಿ, 'ಹಣ್ಣು' ಎನ್ನಿಸುತ್ತಿದ್ದರು. ಅಂಗೈಗೆ ಉಸಿರು ತಾಗಬೇಕು. ತಾಗದಿದ್ದರೆ ಆ ಅಂಗೈಗೆ ತಾಗುವುದು ರೂಲುದೊಣ್ಣೆ. ಹೀಗಾಗಿ ನಾವು ಪೆಟ್ಟಿನ ಭಯಕ್ಕೆ ಇದ್ದಬದ್ದ ಕಡೆಯೆಲ್ಲ ಉಸಿರು ಬಿಡತೊಡಗಿದೆವು. ಒಂದು ಸಂಜೆ ನಾನು ಜಗಲಿಗೆ ಹೋಗಿ, "ಹಪ್ಪಾ, ಹೂಟಕ್ಕೆ ಬರ್ಬೇಕಂತೆ" ಎಂದೆ. ಅಜ್ಜಿ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕು ನಕ್ಕು ಕೆಮ್ಮಿದಳು. ಅಮ್ಮ ನಗಲಿಲ್ಲ. ಒಳಗೆ ಕರೆದು ಮುದ್ದೆಗೆ ಒಂದು ಮಿಳ್ಳೆ ತುಪ್ಪ ಜಾಸ್ತಿ ಹಾಕಿದಳು. "ಕಲೀತಿದ್ದಾಳೆ, ಕಲೀಲಿ. ಈ ಮನೇಲಿ ನಂದು ಅಂತ ಒಂದು ಅಕ್ಷರವಾದರೂ ಇರಲಿ" ಎಂದಳು. ಅಂದಿನಿಂದ ನಾನು ಅಮ್ಮನ ಎದುರು ಅಂಗೈ ಹಿಡಿದುಕೊಂಡೇ ಮಾತಾಡುತ್ತಿದ್ದೆ. ಹಕಾರ ಹಾಕಿದಷ್ಟೂ ಅವಳ ಕಡೆಯವಳಾಗುತ್ತೇನೆ ಎಂದು ನಂಬಿದ್ದೆ.

ತಮ್ಮ ಹುಟ್ಟಿದ್ದು ಆಮೇಲೆ. ತೊಟ್ಟಿಲು ಕಟ್ಟಲು ಗಟ್ಟಿಯಾಗಿದ್ದದ್ದು ನಡುಮನೆಯ ತೊಲೆ ಒಂದೇ, ಆ ತೊಲೆ ಎರಡು ಬಾಗಿಲಿನ ಗೆರೆಯ ಮೇಲೇ ಇತ್ತು. ಹಾಯುವವರೆಲ್ಲ ತೊಟ್ಟಿಲನ್ನು ಒಂದು ಕೈಯಲ್ಲಿ ಪಕ್ಕಕ್ಕೆ ತಳ್ಳಿ ದಾಟುತ್ತಿದ್ದರು. ಒಂದು ರೀತಿಯಲ್ಲಿ ಊರೇ ಅವನನ್ನು ತೂಗಿತು. ಅಮ್ಮನಿಗೆ ಮಗುವಿಗೆ ಹಾಲು ಕುಡಿಸಲು ಒಂದು ಮೂಲೆಯಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತರೆ ಬೆನ್ನ ಹಿಂದಿನಿಂದ ಸಲಹೆ ಬರುತ್ತಿತ್ತು. ಒಂದು ಬೆಳಿಗ್ಗೆ ಅವಳು ಸ್ನಾನ ಮುಗಿಸಿ ಬಂದು ನೋಡಿದಾಗ ತೊಟ್ಟಿಲು ಖಾಲಿಯಿತ್ತು. ಅಪ್ಪ ಗದ್ದೆಯಲ್ಲಿ, ಅಜ್ಜಿ ಕೊಟ್ಟಿಗೆಯಲ್ಲಿ, ನಾನು ಜಗಲಿಯ ಮೇಲೆ. ಅಮ್ಮ ಕೂಗಿದ ಕೂಗು ಮನುಷ್ಯರದ್ದು ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಒದ್ದೆ ಕೂದಲಿನಲ್ಲೇ ಹಿತ್ತಿಲಿಗೆ ಓಡಿ, ನಾಲೆಯ ಅಂಚಿನಲ್ಲಿ ಮಂಡಿಯೂರಿ ನೀರೊಳಗೆ ಕೈ ಹಾಕಿ ತಡಕಾಡಿದಳು. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಚಪ್ಪಡಿಕಲ್ಲಿನ ಮೇಲೆ ನಿಧಾನಕ್ಕೆ ನಡೆದು ಬಂದವಳು ಬೀದಿಯ ಕೊನೆಮನೆಯ ಮುದುಕಿ ಕೆಂಪವ್ವ, ಸೊಂಟದ ಮೇಲೆ ನನ್ನ ತಮ್ಮ.

"ಆಯ್ಕಂಡ್ ಓಯ್ತಿದ್ದೆ, ಅಳ್ತಿತ್ತು ಕಣವ್ವ. ಬಸ್ ತೋರ್ಸ್ಕಂಡ್ ಬಂದೆ. ನೋಡು, ಎಂಗ್ ನಗ್ತಾನೆ ಕಳ್ಳ!"

ಅಮ್ಮ ಮಗುವನ್ನು ಕಿತ್ತುಕೊಂಡಳು. ಅಜ್ಜಿ ಕೊಟ್ಟಿಗೆಯಿಂದ ಬಂದು, "ಅದ್ಯಾಕಂಗ್ ಆಡ್ತೀಯ? ಕೆಂಪಿ ಏನ್ ಒರಗಿನೋಳಾ?" ಎಂದಳು. ಅಷ್ಟೇ. ಅಂದಿನಿಂದ ಅತ್ತೆ ಸೊಸೆಗೆ ಮಾತಿಲ್ಲ. ಮೂರು ದಿನ ಅವರ ನಡುವೆ ಹಾಯುತ್ತಿದ್ದವಳು ನಾನೊಬ್ಬಳೇ. ಉಪ್ಪು ಕೇಳಲು ನಾನು, ಉಪ್ಪು ಮುಗಿದಿದೆ ಎನ್ನಲು ನಾನು. ನಾಲ್ಕನೆಯ ದಿನ ಮಧ್ಯಾಹ್ನ ಅಮ್ಮ ಒಲೆಯ ಮುಂದಿನಿಂದ ಏಳದೆ, ತಿರುಗಿ ನೋಡದೆ ಹೇಳಿದಳು:

"ಹೋಗಿ ನಿಮ್ಮಜ್ಜಿಗೆ ಹೇಳು. ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿಸೋದು ಆಗುತ್ತೋ ಇಲ್ಲವೋ ಒಂದು ಮಾತು ಹೇಳಲಿ. ಆಗದಿದ್ದರೆ ನಾಳೆ ಬೆಳಗಿನ ಬಸ್ಸಿಗೆ ನಾನು ಮಗೂನ ಕರ್ಕೊಂಡು ಮಳವಳ್ಳಿಗೆ ಹೋಗ್ತೀನಿ. ಮತ್ತೆ ಬರೋಲ್ಲ."

ನಾನು ಜಗಲಿಗೆ ಹೋಗಿ ಒಂದಕ್ಷರ ಬಿಡದೆ ಒಪ್ಪಿಸಿದೆ. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಂತಿತು. ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿದಳು. ಒಂದು ಕಾಯಿ ಸುಲಿದಳು, ಇನ್ನೊಂದು ಸುಲಿದಳು. ಆಮೇಲೆ ತಲೆ ಎತ್ತದೆ ಗಟ್ಟಿಯಾಗಿ ಅಂದಳು:

"ಆಯ್ತದೆ ಅನ್ನು."

ಜಗಲಿಯಿಂದ ಅಡುಗೆಮನೆಗೆ ನನ್ನ ಕಾಲಿಗೆ ಹದಿನೇಳು ಹೆಜ್ಜೆ. ಅಷ್ಟರಲ್ಲಿ ನಾನು ಆ ಮಾತನ್ನು ಬಾಯಲ್ಲಿಟ್ಟುಕೊಂಡು ಹೊರಳಿಸಿದೆ. ಆ ಮನೆಯಲ್ಲಿ, ಆ ಬಾಗಿಲಲ್ಲಿ, ದಿನಕ್ಕೆ ಐವತ್ತು ಸಲ ಕೇಳುವ ಮಾತು. ಅಜ್ಜಿ ಹಕಾರ ನುಂಗಿದ್ದಾಳೆ. ಅಮ್ಮನಿಗೆ ಕೊಡುವಾಗ ತಿದ್ದಿ ಕೊಡಬೇಕು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಬಾಯ ಮುಂದೆ ಅಂಗೈ ಹಿಡಿದು, ಉಸಿರು ತಾಗುವಂತೆ ಹೇಳಿದೆ:

"ಹಾಯ್ತದೆ ಅಂತೆ."

"ಏನು?"

ಅಮ್ಮನಿಗೆ ಅರ್ಥವಾಗಲಿಲ್ಲವೆಂದು ನಾನು ಇನ್ನೂ ಸ್ಪಷ್ಟಗೊಳಿಸಿದೆ. ಇವತ್ತು ನಾನು ಕರಡಿನ ಮೇಲೆ ಎಂದೂ ಮಾಡದ ತಪ್ಪು ಅದು: ಬರೆದವರು ಬರೆಯದ ಒಂದು ಪದವನ್ನು ನಾನೇ ಸೇರಿಸಿದೆ.

"ಜನ ಹಾಯ್ತದೆ ಅಂತೆ."

ಅಮ್ಮ ಒಲೆಯೊಳಗಿನ ಸೌದೆ ಹಿಂದಕ್ಕೆಳೆದಳು. ಮರುದಿನ ಬೆಳಿಗ್ಗೆ ಟ್ರಂಕು, ಮಗು, ಒಂದು ಫ್ಲಾಸ್ಕು. ನನ್ನನ್ನು ಕರೆದೊಯ್ಯಲಿಲ್ಲ, ಸ್ಕೂಲಿದೆಯಲ್ಲ ಎಂದಳು. ಅವಳು ಹೋದದ್ದು ಹಿತ್ತಿಲ ಬಾಗಿಲಿನಿಂದಲೇ, ಚಪ್ಪಲಿ ಮೆಟ್ಟಿಕೊಂಡೇ. ಅಪ್ಪ ಟ್ರಂಕು ಹೊತ್ತು ಹಿಂದೆ ಹೋದ. ಬಸ್ಸಿನ ಹಾರನ್ನು ಕೇಳಿದ ಮೇಲೆ ಅಜ್ಜಿ ನಡುಮನೆಯಲ್ಲಿ ನಿಂತು, ಯಾರಿಗೂ ಅಲ್ಲದೆ, ಖಾಲಿ ತೊಟ್ಟಿಲಿಗೆ ಹೇಳುವ ಹಾಗೆ ಹೇಳಿದಳು:

"ಆಯ್ತದೆ ಅಂದ್ನಲ್ಲ. ಆಚಾರಿಗೂ ಏಳ್ಕಳ್ಸಿವ್ನಿ. ಇನ್ನೇನ್ ಬೇಕಂತೆ ಇವ್ಳಿಗೆ?"

ಆಗ ನನಗೆ ಗೊತ್ತಾಯಿತು. ಬಸ್ಸು ಇನ್ನೂ ಏರಿಯ ತಿರುವಿನಲ್ಲಿ ಕಾಣುತ್ತಿತ್ತು, ಚಪ್ಪಡಿಕಲ್ಲು ದಾಟಿ ಓಡಿದ್ದರೆ ಕಂಡಕ್ಟರು ನಿಲ್ಲಿಸುತ್ತಿದ್ದನೇನೋ. ಓಡಲಿಲ್ಲ. ಅಜ್ಜಿಗೂ ಹೇಳಲಿಲ್ಲ. ಮಧ್ಯಾಹ್ನ ಆಚಾರಿ ಬಂದು ಹಿತ್ತಿಲ ಬಾಗಿಲಿಗೆ ಹಸಿ ಬೇವಿನ ಅಗುಳಿ ಹಾಕಿ ಹೋದ. ಅಮ್ಮ ಕೇಳಿದ್ದು ಆಯಿತು, ಅಮ್ಮ ಇರಲಿಲ್ಲ.

ಹನ್ನೊಂದು ದಿನ. ಆ ಹನ್ನೊಂದು ದಿನದಲ್ಲಿ ನಾನು ಆತಂಕಪಡುವ ವಿದ್ಯೆಯನ್ನು ಪೂರ್ತಿ ಕಲಿತೆ. ಆಮೇಲಿನ ಬದುಕಿನಲ್ಲಿ ಅದಕ್ಕೆ ಹೊಸದಾಗಿ ಏನನ್ನೂ ಸೇರಿಸಿಲ್ಲ. ಬಸ್ಸು ಮದ್ದೂರಿನಲ್ಲಿ ಮಗುಚಿರಬಹುದು, ತಮ್ಮನಿಗೆ ದಡಾರ ಬಂದಿರಬಹುದು, ಮಳವಳ್ಳಿಯ ತಾತ ಅಲ್ಲೇ ಅಮ್ಮನಿಗೆ ಕೆಲಸ ಕೊಡಿಸಿರಬಹುದು, ಅಪ್ಪ ಇನ್ನೊಂದು ಮದುವೆಯಾಗಬಹುದು, ಬರುವವಳಿಗೂ ಹಕಾರ ಇಲ್ಲದೆ ಇರಬಹುದು. ಮನೆ ಸದ್ದಿಲ್ಲದಾಯಿತು. ಮೊದಲೆರಡು ದಿನ ಜನ ತಲೆಬಾಗಿಲಲ್ಲಿ ನಿಂತು 'ಆಯ್ತೀನಿ' ಎಂದು ಕೂಗುತ್ತಿದ್ದರು. ಅಜ್ಜಿ, "ಆಯಂಗಿಲ್ಲ, ಸುತ್ತಾಕ್ಕಂಡ್ ಓಗಿ" ಎನ್ನುತ್ತಿದ್ದಳು.

"ಅದ್ಯಾಕ್ ದೊಡ್ಡವ್ವ? ನಾವೇನ್ ಗೋಡೆ ತಿಂದ್ವಾ?"

"ನನ್ ಸೊಸೆಗೆ ಬ್ಯಾಡ್ವಂತೆ, ಬ್ಯಾಡ. ಓಗ್ಲಾ ಸುಮ್ಕೆ."

ಸೊಸೆ ಇಲ್ಲದ ಮನೆಯಲ್ಲಿ ಸೊಸೆಯ ಮಾತು ನಡೆಯುತ್ತಿತ್ತು. ಮೂರನೆಯ ದಿನದಿಂದ ಯಾರೂ ಬರಲಿಲ್ಲ. ಊರಿನ ಸುದ್ದಿಯನ್ನೆಲ್ಲ ಎದ್ದು ಹೋಗದೆ ತಿಳಿಯುತ್ತಿದ್ದ ಅಜ್ಜಿ ನಾನು ಸ್ಕೂಲಿನಿಂದ ಬರುವುದನ್ನೇ ಕಾದು, "ಏನಂತೆ ಕೂಸೇ ಊರಲ್ಲಿ? ತಮ್ಮಯ್ಯನ್ ಅಸ ಕರ ಆಕ್ತಾ?" ಎಂದು ಕೇಳುತ್ತಿದ್ದಳು. ನನಗೆ ಗೊತ್ತಿರುತ್ತಿರಲಿಲ್ಲ. ಅಜ್ಜಿಯ ಮುದ್ದೆ ಅಪ್ಪನಿಗೆ ಹಿಡಿಸುತ್ತಿತ್ತು, ಆದರೂ ಅರ್ಧ ಬಿಡುತ್ತಿದ್ದ. ಮಳವಳ್ಳಿಗೆ ಹೋಗಿ ಬಾ ಎಂದು ಅಜ್ಜಿ ಹೇಳಿದರೆ 'ಆಯ್ತು' ಎನ್ನುತ್ತಿದ್ದ. ನಾನು ದಿನಾ ಬಸ್ಸಿನ ಹೊತ್ತಿಗೆ ಮುಚ್ಚಿದ ಹಿತ್ತಿಲ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಿದ್ದೆ. ಹಲಗೆಗಳ ನಡುವೆ ಬೆರಳಗಲದ ಸಂದಿ. ಬಸ್ಸು ನಿಲ್ಲುವುದು, ಹೊರಡುವುದು ಕೇಳುತ್ತಿತ್ತು. ನಿಂತು ಹೊರಡುವ ನಡುವಿನ ಹೊತ್ತು ಉದ್ದವಾದರೆ ಯಾರೋ ಇಳಿದಿದ್ದಾರೆಂದು ಅರ್ಥ.

ಹನ್ನೊಂದನೆಯ ದಿನ, ಭಾನುವಾರ, ಉದ್ದವಾಯಿತು. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಅಜ್ಜಿ ಒಳಗಿನಿಂದಲೇ ಗುಡುಗಿದಳು:

"ಯಾರ್ಲಾ ಅದು? ಆಯಂಗಿಲ್ಲ ಅಂತ ಎಷ್ಟ್ ಸಲ ಏಳ್ಬೇಕು ನಿಮ್ಗೆ? ಸುತ್ತಾಕ್ಕಂಡ್ ಬನ್ನಿ!"

ಸಂದಿಯಲ್ಲಿ ನನಗೆ ಕಂಡದ್ದು ಹಸಿರು ಸೀರೆಯ ಅಂಚು ಮತ್ತು ಒಂದು ಪುಟ್ಟ ಅಂಗಾಲು. "ಅಮ್ಮಾ!" ಎಂದೆ. ಅಗುಳಿ ನನ್ನ ತಲೆಗಿಂತ ಎತ್ತರ. ಅಜ್ಜಿ ಓಡಿ ಬಂದು ಎರಡೂ ಕೈಯಲ್ಲಿ ಎಳೆದಳು. ಹಸಿ ಮರ, ನಾಲೆಯ ತೇವಕ್ಕೆ ಉಬ್ಬಿಕೊಂಡು ಕಚ್ಚಿತ್ತು. ಇತ್ತ ಅಜ್ಜಿ ಅಗುಳಿಯನ್ನೂ ಆಚಾರಿಯನ್ನೂ ಬಯ್ಯುತ್ತಿರುವಾಗ ಅತ್ತ ಹಸಿರು ಅಂಚು ಸರಿದುಹೋಯಿತು. ಹೊರಟೇಹೋದಳು ಎಂದುಕೊಂಡೆ. ನಾನು ಅಲ್ಲೇ, ಬಾಗಿಲ ಬುಡದಲ್ಲಿ ಕೂತುಬಿಟ್ಟೆ.

ಅಮ್ಮ ಸೇತುವೆ ಸುತ್ತಿ, ಅರ್ಧ ಬೀದಿ ನಡೆದು, ತಲೆಬಾಗಿಲಿಗೆ ಬಂದಳು. ಬೀದಿಯವರೆಲ್ಲ ಜಗಲಿಗೆ ಬಂದು ನೋಡಿದರಂತೆ. ಮುಖವೆಲ್ಲ ಬೆವರು, ಸೊಂಟದ ಮೇಲೆ ತಮ್ಮ. ಚಪ್ಪಲಿ ಕೈಯಲ್ಲಿತ್ತು. ಹೊಸ್ತಿಲು ದಾಟಿ, ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿ, ಹಿತ್ತಿಲ ಬಾಗಿಲವರೆಗೆ ನಡೆದು ಹೋಗಿ ಅಗುಳಿ ನೋಡಿದಳು.

"ನೀನೇ ಕೇಳ್ದೆ, ಆಕಿಸ್ದೆ" ಎಂದಳು ಅಜ್ಜಿ, ತಮ್ಮನ ತಲೆಯನ್ನು ಮೂಸುತ್ತ.

ಅಮ್ಮ ಅಗುಳಿಯ ಮೇಲೆ ಒಮ್ಮೆ ಕೈಯಾಡಿಸಿದಳು. ಆಮೇಲೆ, "ಮಗು ಮಲಗಿರೋವಾಗ ಮುಚ್ಚಿರಲಿ. ಮಿಕ್ಕ ಹೊತ್ತು ಹಾಯ್ಕೊಳ್ಳಲಿ" ಎಂದಳು. ಹಾಗೆಯೇ ಆಯಿತು. ಅಪ್ಪ ಸಂಜೆ ಬಂದು 'ಆಯ್ತು' ಎಂದ. ಯಾರು ಯಾರಿಗೆ ಏನು ಹೇಳಿದ್ದರು ಎಂದು ಯಾರೂ ನನ್ನನ್ನು ಕೇಳಲಿಲ್ಲ. ನಾನು ಕಾದೆ. ಮರುದಿನ ಕೇಳುತ್ತಾರೆ, ಹಬ್ಬ ಕಳೆದ ಮೇಲೆ ಕೇಳುತ್ತಾರೆ, ನಾನು ದೊಡ್ಡವಳಾದ ಮೇಲೆ ಕೇಳುತ್ತಾರೆ. ಅಜ್ಜಿ ಕೇಳದೆಯೇ ಹೋದಳು, ಸೊಸೆ ತನ್ನ ಮಾತಿಗೆ ಬೆಲೆ ಕೊಡದೆ ಹೊರಟಿದ್ದಳೆಂದೇ ನಂಬಿಕೊಂಡು. ಅವಳನ್ನು ತಲೆಬಾಗಿಲಿನಿಂದಲೇ ಒಯ್ದರು, ಬೀದಿಯ ತುದಿ ಸುತ್ತಿ. ಆಮೇಲೆ ಮನೆಯನ್ನು ದಾಯಾದಿಗಳು ಕೆಡವಿ ಎರಡಾಗಿ ಕಟ್ಟಿಕೊಂಡರು; ನಡುಮನೆಯಿದ್ದ ಕಡೆ ಈಗ ಸಿಮೆಂಟಿನ ಓಣಿ, ಬೈಕುಗಳು ಹಾಯುತ್ತವೆ.

ಇದನ್ನೆಲ್ಲ ಆ ಭಾನುವಾರ ಅಮ್ಮನ ಎದುರು ಕೂತು ಹೇಳಿದೆ. ಅಮ್ಮ ಮೊರದಲ್ಲಿ ಅಕ್ಕಿ ಆಯುತ್ತಿದ್ದಳು. ಪ್ಯಾಕೆಟ್ಟಿನ ಅಕ್ಕಿಯಲ್ಲಿ ಕಲ್ಲಿರುವುದಿಲ್ಲ ಎಂದರೆ ಕೇಳುವವಳಲ್ಲ. ಎಪ್ಪತ್ತೆಂಟರಲ್ಲೂ ಅವಳ ಕೈಯಿಂದ ಕಲ್ಲು ತಪ್ಪಿದ್ದನ್ನು ನಾನು ಕಂಡಿಲ್ಲ. ಅಂಗೈ ಹಿಡಿದದ್ದು, ಹಕಾರ ಹಾಕಿದ್ದು, 'ಜನ' ಸೇರಿಸಿದ್ದು, ಬಸ್ಸಿನ ಹಿಂದೆ ಓಡದೆ ಇದ್ದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಬಿಪಿ ಮಾತ್ರೆಯ ಡಬ್ಬಿಯನ್ನು ಕೈಗೆಟುಕುವಷ್ಟು ಹತ್ತಿರ ಎಳೆದುಕೊಂಡೆ. ಅವಳ ಬೆರಳು ನಿಲ್ಲಲಿಲ್ಲ.

"ನಂಗ್ ಕೇಳಿತ್ತು ಕಣೇ" ಎಂದಳು. ಆ ಮನೆಯಲ್ಲಿ ಅಷ್ಟು ವರ್ಷ ಬಾಳಿದ ಮೇಲೆ ಅವಳ ಹಕಾರಗಳೂ ಒಂದೊಂದಾಗಿ ಉದುರಿಹೋಗಿವೆ. ಈಗ ನಮ್ಮ ಮನೆಯಲ್ಲಿ ಅದನ್ನು ಕಾಯುತ್ತಿರುವವಳು ನಾನೊಬ್ಬಳೇ. "ನಿಮ್ಮಜ್ಜಿ ಗಂಟ್ಲು ನಿಡಘಟ್ಟಕ್ ಕೇಳ್ತಿತ್ತು. ಅಡ್ಗೆಮನೆಗ್ ಕೇಳ್ದೆ ಇರ್ತದಾ?"

"ಆಯ್ತದೆ ಅಂದದ್ದು... ಆಗುತ್ತೆ ಅಂತಲೇ ಅಂತ ಗೊತ್ತಾಗಿತ್ತಾ?"

"ಗೊತ್ತಾಗ್ದೆ ಏನು. ಏಳೆಂಟ್ ವರ್ಸ ಆ ಬಾಯ್ ಕೇಳಿವ್ನಿ."

"ಮತ್ತೆ ಯಾಕಮ್ಮ ಹೋದೆ?"

ಅವಳು ಒಂದು ಕಲ್ಲು ಹೆಕ್ಕಿ ಕಿಟಕಿಯಾಚೆ ಎಸೆದಳು.

"ಓಗ್ಬೇಕು ಅನ್ಸಿತ್ತು. ಯಾರೂ ಆಯ್ದೇ ಇರೋ ಮನೇಲಿ ನಾಕ್ ದಿನ ಬಾಗ್ಲಾಕ್ಕಂಡ್ ಮಲೀಕಬೇಕು ಅನ್ಸಿತ್ತು. ನಿಮ್ಮಜ್ಜಿ ಆಯ್ತದೆ ಅಂದ್ಬುಟ್ರೆ ಓಗಕ್ಕೆ ಏನ್ ನೆಪ? ಅಷ್ಟೊತ್ಗೆ ನೀನು ಬಂದು ಅಂಗೈ ಇಡ್ಕಂಡ್ ನಿಂತ್ಕಂಡೆ." ಸ್ವಲ್ಪ ನಕ್ಕಳು, ನಕ್ಕದ್ದೋ ಉಸಿರು ಬಿಟ್ಟದ್ದೋ. "ಓಗ್ಲಿ ಅಂತ ಒಂಟೆ."

"ಮತ್ತೆ ಬಂದೆಯಲ್ಲ?"

"ಅಲ್ಲಿ ಯಾರೂ ಆಯ್ತಿರ್ನಿಲ್ವಲ್ಲೇ. ಮೊದ್ಲೆರಡ್ ದಿನ ಚೆಂದಾಗಿತ್ತು. ಆಮೇಲೆ ಗೋಡೆ ನೋಡ್ಕಂಡ್ ಕೂತ್ಕಳದು."

ನಾನು ಮಾತ್ರೆಯ ಡಬ್ಬಿಯನ್ನು ಮತ್ತೆ ದೂರ ಸರಿಸಿದೆ. ನಲವತ್ತಾರು ವರ್ಷ ಹೊತ್ತದ್ದನ್ನು ಇಳಿಸಿದ ಹಗುರ ಬರಬೇಕಿತ್ತು. ಬಂದದ್ದು ಆಯಾಸ ಮಾತ್ರ, ಬೇರೆಯವರ ಗಂಟನ್ನು ನನ್ನದೆಂದು ತಿಳಿದು ಮೈಲಿಗಟ್ಟಲೆ ಹೊತ್ತ ಕೂಲಿಯವಳ ಆಯಾಸ. ನನಗೆ ಸಿಟ್ಟೂ ಬಂತು, ಆದರೆ ಯಾರ ಮೇಲೆ ಹಾಯಬೇಕೆಂದು ತಿಳಿಯಲಿಲ್ಲ. ಅಜ್ಜಿಗೆ ಹೇಳಬಹುದಿತ್ತಲ್ಲ ಎಂದೆ. ಅಮ್ಮ ಮೊರವನ್ನು ಒಂದು ಸಲ ಕೇರಿದಳು, ಇನ್ನೊಂದು ಸಲ ಕೇರಿದಳು, ಅಕ್ಕಿಯನ್ನೇ ನೋಡುತ್ತಿದ್ದಳು, ಕಣ್ಣು ಅಕ್ಕಿಯ ಮೇಲಿರಲಿಲ್ಲ. ಆಮೇಲೆ, "ಏಳು, ಒತ್ತಾಯ್ತು, ಕುಕ್ಕರ್ ಇಡು" ಎಂದು ಮೊರವನ್ನು ನನ್ನ ಕೈಗೆ ಕೊಟ್ಟಳು.

ಬಿಪಿ ಏರಲಿಲ್ಲ. ಅವಳು ಒರಗಲಿಲ್ಲ, ಅಳಲಿಲ್ಲ, ಮಳವಳ್ಳಿಗೆ ಹೋಗಲಿಲ್ಲ, ಊಟ ಬಿಡಲಿಲ್ಲ. ಗಂಡ ಪೇಪರಿನಿಂದ ಕಣ್ಣೆತ್ತಲಿಲ್ಲ. ಒಂದೂವರೆಗೆ ಮೂವರೂ ಊಟಕ್ಕೆ ಕೂತೆವು. ಅವರೆಕಾಳಿನ ಸಾರು. ಮೂರನೆಯ ತುತ್ತಿಗೆ ನನ್ನ ಬಲದವಡೆಯಲ್ಲಿ ಕಟಕ್ಕೆಂದಿತು.

"ಏನಾಯ್ತೇ?" ಎಂದಳು ಅಮ್ಮ.

"ಏನಿಲ್ಲಮ್ಮ" ಎಂದು ನಾಲಿಗೆಯ ತುದಿಯಿಂದ ಕಲ್ಲನ್ನು ತಟ್ಟೆಯ ಅಂಚಿಗೆ ಸರಿಸಿ, ಅವಳಿಗೆ ಕಾಣದಂತೆ ಅನ್ನ ಮುಚ್ಚಿದೆ.